ಟೈಪ್ 1 ಡಯಾಬಿಟಿಸ್‌ಗೆ ಸೆಲ್ ಕಸಿ ಮಾಡಿಸಿಕೊಂಡರೆ ಇನ್ಸುಲಿನ್ ಬಿಡಬಹುದಾ?

ಹದಿನಾರು ವರ್ಷದಿಂದ ಟೈಪ್ 1, ಸೂಜಿ ಚುಚ್ಚಿಕೊಂಡು ಸಾಕಾಗಿದೆ, ಐಲೆಟ್ (ಇನ್ಸುಲಿನ್ ಮಾಡುವ ಸೆಲ್ ಗುಂಪು) ಕಸಿ ಮಾಡಿಸಲಾ ಅಂತ ಕೇಳಿದ್ದೀರಿ. ನನಗೂ ಟೈಪ್ 1. ಇದೇ ಪ್ರಶ್ನೆ ತಲೆಗೆ ಹಚ್ಚಿಕೊಂಡು ವರ್ಷವಿಡೀ ಒದ್ದಾಡಿ ಕೊನೆಗೆ ಬೇಡ ಅಂದವನು.

ನನ್ನ ಕಷ್ಟ ಲೋ ಶುಗರ್. ಒಂದು ಬೆಳಿಗ್ಗೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಹಾಕಿದ ಗುಂಡಿಯನ್ನೇ ಬಿಚ್ಚುವುದು, ಮತ್ತೆ ಹಾಕುವುದು, ಹೀಗೇ ನಿಂತಿದ್ದೆನಂತೆ. ಹೆಂಡತಿ ಕರೆದರೆ ಉತ್ತರವಿಲ್ಲ. ಅವಳೇ ಬೆರಳು ಚುಚ್ಚಿ ನೋಡಿದಾಗ ಶುಗರ್ ಬರೀ 38. ಕೈ ನಡುಗಿರಲಿಲ್ಲ, ಬೆವರೂ ಬಂದಿರಲಿಲ್ಲ. ಐಲೆಟ್ ಕಸಿ ಮುಖ್ಯವಾಗಿ ಇಂಥವರಿಗೆ, ಮುನ್ಸೂಚನೆ ಇಲ್ಲದೆ ಪದೇ ಪದೇ ಲೋ ಆಗುವವರಿಗೆ. ಸೂಜಿ ಬೇಸರ ಬಂದವರಿಗಲ್ಲ.

ದಾನಿಯ ಮೇದೋಜ್ಜೀರಕದಿಂದ ಇನ್ಸುಲಿನ್ ಮಾಡುವ ಸೆಲ್ ಗುಂಪುಗಳನ್ನು ಬೇರ್ಪಡಿಸಿ, ಲಿವರ್‌ಗೆ ಹೋಗುವ ರಕ್ತನಾಳದೊಳಗೆ ಬಿಡುತ್ತಾರೆ. ಎಷ್ಟೋ ಸಲ ಒಬ್ಬ ದಾನಿಯದು ಸಾಲುವುದಿಲ್ಲ. 2000ದಲ್ಲಿ ಪ್ರಕಟವಾದ ವರದಿಯಂತೆ ಕೆನಡಾದ ಎಡ್ಮಂಟನ್‌ನಲ್ಲಿ ಏಳು ಜನಕ್ಕೆ ಮಾಡಿದಾಗ ಏಳೂ ಜನ ಇನ್ಸುಲಿನ್ ಬಿಟ್ಟರು. ದೊಡ್ಡ ಸುದ್ದಿಯಾಯಿತು. ಆಮೇಲಿನ ಲೆಕ್ಕ ಅಷ್ಟು ಸುದ್ದಿಯಾಗಲಿಲ್ಲ: ಅಲ್ಲಿ ಕಸಿ ಮಾಡಿಸಿಕೊಂಡವರಲ್ಲಿ ಐದು ವರ್ಷಕ್ಕೆ ಇನ್ಸುಲಿನ್ ಇಲ್ಲದೆ ಉಳಿದವರು ಶೇ 10ರಷ್ಟು. ಆದರೂ ಹೆಚ್ಚಿನವರ ಸೆಲ್‌ಗಳು ಅಷ್ಟಿಷ್ಟು ಕೆಲಸ ಮಾಡುತ್ತಲೇ ಇದ್ದವು. ಅಷ್ಟಿದ್ದರೂ ಭಯಂಕರ ಲೋಗಳು ತಗ್ಗುತ್ತವೆ, ಅದು ಸಣ್ಣ ಲಾಭವಲ್ಲ. 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ, ದಾನಿಯ ಐಲೆಟ್‌ಗಳ ಚಿಕಿತ್ಸೆ ಲ್ಯಾಂಟಿಡ್ರಾದ ಪರೀಕ್ಷೆಯಲ್ಲಿ 30 ಜನರಲ್ಲಿ 21 ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇನ್ಸುಲಿನ್ ಬಿಟ್ಟಿದ್ದರು. ಐವರಿಗೆ ಒಂದು ದಿನವೂ ಬಿಡಲಾಗಲಿಲ್ಲ.

ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್) ಬೆಳೆಸಿದ ಐಲೆಟ್‌ಗಳಿಂದ ದಾನಿಯನ್ನು ಕಾಯುವ ಪಾಡು ತಪ್ಪುತ್ತದೆ. ಅಂಥದೊಂದು ಚಿಕಿತ್ಸೆ ಜಿಮಿಸ್ಲೆಸೆಲ್. 2025ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿ ಒಂದು ವರ್ಷಕ್ಕೆ ಇನ್ಸುಲಿನ್ ಇಲ್ಲದೆ ಇದ್ದರು. ಆಸೆ ಹುಟ್ಟುತ್ತದೆ, ಅಲ್ವಾ? ನನಗೂ ಹುಟ್ಟಿತು.

ಆದರೆ ಮಾತ್ರೆ ಅಲ್ಲೂ ತಪ್ಪಲಿಲ್ಲ. ದೇಹ ಹೊಸ ಸೆಲ್‌ಗಳನ್ನು ಕೊಲ್ಲದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ, ಸೆಲ್‌ಗಳು ಬದುಕಿರುವವರೆಗೂ. ಸೋಂಕು ಬೇಗ ತಗಲುತ್ತದೆ, ಕೆಲವು ಕ್ಯಾನ್ಸರ್‌ಗಳ ಅಪಾಯ ಏರುತ್ತದೆ, ಆ ಮಾತ್ರೆಗಳಲ್ಲೊಂದಾದ ಟ್ಯಾಕ್ರೋಲಿಮಸ್ ಕಿಡ್ನಿಗೆ ಪೆಟ್ಟು ಕೊಡಬಹುದು. ನನ್ನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಆಗಲೇ ಅಂಚಿನಲ್ಲಿತ್ತು. ಲೆಕ್ಕ ಅಲ್ಲಿಗೇ ಮುಗಿಯಿತು. ಬೇರೆ ಕಾರಣಕ್ಕೆ ಕಿಡ್ನಿ ಕಸಿಯಾಗಿ ಆ ಮಾತ್ರೆ ಹೇಗೂ ನುಂಗುತ್ತಿರುವವರ ಲೆಕ್ಕವೇ ಬೇರೆ.

ನಾನು ಶುಗರ್ ನೋಡುತ್ತಲೇ ಇರುವ ಸೆನ್ಸರ್ ಹಾಕಿಸಿಕೊಂಡೆ. ಜೊತೆಗೆ ಶುಗರ್ ಇಳಿಯುವಾಗ ತಾನೇ ಇನ್ಸುಲಿನ್ ನಿಲ್ಲಿಸುವ ಪಂಪ್. ರಾತ್ರಿ ಎರಡು ಗಂಟೆಗೆ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ, ಬೈದುಕೊಂಡು ಏಳುತ್ತೇನೆ. ಆದರೆ ಲೋಗಳು ಕಡಿಮೆಯಾದ ಮೇಲೆ ನಿಧಾನವಾಗಿ ಕೈ ನಡುಕ, ಅಂದರೆ ಲೋದ ಮುನ್ಸೂಚನೆ, ವಾಪಸ್ ಬಂತು!

ಯಾರಾದರೂ ಮಾತ್ರೆಯೇ ಬೇಡ, ಸುಮ್ನೆ ಒಂದು ಸ್ಟೆಮ್ ಸೆಲ್ ಇಂಜೆಕ್ಷನ್ ಸಾಕು ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ.

ಕಳೆದ ವರ್ಷ ಲೋ ಆಗಿ ನಿಮ್ಮನ್ನು ಬೇರೆಯವರು ಎಬ್ಬಿಸಬೇಕಾದದ್ದು ಎಷ್ಟು ಸಲ? ಸೆನ್ಸರ್ ಹಾಕಿದ ಮೇಲೂ ಹಾಗಾಯಿತಾ? ಕಿಡ್ನಿ ರಿಪೋರ್ಟ್ ಹೇಗಿದೆ? ಇವಿಷ್ಟು ಬರೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.