ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾಕೆ ಯಾರೂ ಹೇಳೋದಿಲ್ಲ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಲೆನಾಡಿನಲ್ಲಿರುವ ನಮಗೂ ಪ್ರತಿ ಮಳೆಗಾಲ ಇದೇ ಗೋಳು.

ತಡ ಆಗೋದಕ್ಕೆ ಕಾರಣ ಇದೆ. 11 ಕೆವಿ ಲೈನ್ ಕಾಡು, ತೋಟದ ನಡುವೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಬ್‌ಸ್ಟೇಷನ್‌ನಲ್ಲಿ ಇಡೀ ಫೀಡರ್, ಅಂದರೆ ಅಲ್ಲಿಂದ ಹೊರಡುವ ಆ ಲೈನ್ ಪೂರ್ತಿ, ಟ್ರಿಪ್ ಆಗಿ ಕರೆಂಟ್ ತಾನಾಗಿಯೇ ಕಡಿತವಾಗುತ್ತದೆ. ಬಿದ್ದದ್ದು ಎಲ್ಲಿ ಅಂತ ಅಲ್ಲಿ ಕೂತವರಿಗೆ ಗೊತ್ತಾಗೋದು ಕಷ್ಟ. ಲೈನ್‌ಮ್ಯಾನ್ ಮಳೆಯಲ್ಲೇ ಲೈನ್ ಹಿಡಿದು ನಡೆಯಬೇಕು. ಸ್ವಿಚ್ ಎಳೆದು ಒಂದೊಂದೇ ಭಾಗ ಬೇರೆ ಮಾಡಿ, ಉಳಿದದ್ದಕ್ಕೆ ಕರೆಂಟ್ ಕೊಟ್ಟು ನೋಡಬೇಕು. ಟ್ರಿಪ್ ಆಗದಿದ್ದರೆ ಕರೆಂಟ್ ಕೊಟ್ಟ ಭಾಗ ಸರಿ, ಮತ್ತೆ ಟ್ರಿಪ್ ಆದರೆ ದೋಷ ಇನ್ನೂ ಅಲ್ಲೇ ಇದೆ. ಆ ಮನುಷ್ಯನ ಮೇಲೆ ರೇಗಬೇಡಿ.

ಆದರೆ ಮಾಹಿತಿ ಕೊಡದಿರೋದಕ್ಕೆ ಇದು ನೆಪ ಆಗಬಾರದು. "ಫೀಡರ್ ಹೋಗಿದೆ, ನಾಳೆ ಮಧ್ಯಾಹ್ನದವರೆಗೆ ಬರೋದು ಕಷ್ಟ" ಅಂತ ಒಂದು ಮೆಸೇಜ್ ಬಂದರೆ ಫ್ರಿಜ್‌ನಲ್ಲಿರೋ ಇನ್ಸುಲಿನ್‌ಗೆ ಬೇರೆ ದಾರಿ ನೋಡಬಹುದು, ಟ್ಯಾಂಕಿನ ನೀರು ಉಳಿಸಬಹುದು. "ಕೆಲಸ ನಡೀತಿದೆ" ಅನ್ನೋ ಉತ್ತರದಿಂದ ಏನು ಪ್ರಯೋಜನ?

ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿದಾಗ ಬಿಲ್‌ನಲ್ಲಿರೋ ಆರ್‌ಆರ್ ನಂಬರ್ ಹೇಳಿ, ದೂರಿನ ಸಂಖ್ಯೆ ತಪ್ಪದೆ ಬರೆದುಕೊಳ್ಳಿ. ಮರ ಬಿದ್ದ ಜಾಗ ಗೊತ್ತಿದ್ದರೆ ತಿಳಿಸಿ, ಹುಡುಕುವ ಹೊತ್ತು ಉಳಿಯುತ್ತದೆ. ಹರಿದ ತಂತಿ ಹತ್ತಿರ ಮಾತ್ರ ಹೋಗಲೇಬೇಡಿ. ಪದೇ ಪದೇ ಹೀಗಾದರೆ ಆ ದೂರಿನ ಸಂಖ್ಯೆಗಳನ್ನೆಲ್ಲ ಸೇರಿಸಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬರೆಯಿರಿ. ಸೇವೆ ನಿಗದಿತ ಮಟ್ಟದಲ್ಲಿ ಇಲ್ಲದಿದ್ದರೆ ಪರಿಹಾರ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್‌ನಲ್ಲೇ ಇದೆ.