ಮಗಳು ಅಪ್ಪಿಕೊಂಡರೂ ನೋವು

ಪ್ರಶ್ನೆ: ನನಗೆ 43 ವರ್ಷ. ಎರಡು ವರ್ಷದಿಂದ ಮೈಯೆಲ್ಲ ನೋವು, ಫೈಬ್ರೊಮಯಾಲ್ಜಿಯ ಎಂದಿದ್ದಾರೆ. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. ಬಟ್ಟೆಯ ಹೊಲಿಗೆ ತಾಗಿದರೂ ಉರಿ, ಪಾತ್ರೆ ಬಿದ್ದರೆ ತಲೆ ಸಿಡಿಯುತ್ತದೆ. ಮೊನ್ನೆ ಎಂಟು ವರ್ಷದ ಮಗಳು ಓಡಿಬಂದು ಅಪ್ಪಿಕೊಂಡಾಗ ತಡೆಯಲಾರದೆ ತಳ್ಳಿಬಿಟ್ಟೆ. ಅವಳ ಮುಖ ಕಣ್ಣಮುಂದೆಯೇ ಇದೆ. 'ಎಲ್ಲ ನಿನ್ನ ಮನಸ್ಸಿನದ್ದು' ಅನ್ನುತ್ತಾರೆ ಮನೆಯವರು. ಹೌದೇ ಡಾಕ್ಟ್ರೇ?

ಉತ್ತರ: ಅಲ್ಲಮ್ಮ. ನಿಮ್ಮ ನೋವು ನಿಜವಾದದ್ದು. ನಾನು ವೈದ್ಯೆಯಾದ ಹೊಸದರಲ್ಲಿ ಇಂಥವರೊಬ್ಬರಿಗೆ ರಿಪೋರ್ಟ್ ತೋರಿಸಿ 'ನಿಮಗೇನೂ ಆಗಿಲ್ಲ' ಎಂದಿದ್ದೆ. ಅವರು ಸದ್ದಿಲ್ಲದೆ ಎದ್ದುಹೋದರು, ಮತ್ತೆ ಬರಲಿಲ್ಲ. ಆ ಮಾತು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ರಿಪೋರ್ಟು ಸರಿಯಿದೆ, ಏಕೆಂದರೆ ಕೀಲು, ಮೂಳೆ ಕೆಟ್ಟಿಲ್ಲ. ನೋವಿನ ಸುದ್ದಿ ಹೊರುವ ನರಗಳು, ಅದನ್ನು ಕೇಳಿಸಿಕೊಳ್ಳುವ ಮಿದುಳು ಅತಿ ಸೂಕ್ಷ್ಮವಾಗಿವೆ. 2002ರ ಒಂದು ಅಧ್ಯಯನದಲ್ಲಿ ಹೆಬ್ಬೆರಳನ್ನು ಒತ್ತುತ್ತ ಮಿದುಳನ್ನು ಸ್ಕ್ಯಾನ್ ಮಾಡಿದರು. ಬೇರೆಯವರಿಗೆ ಅಷ್ಟೇನೂ ಅನಿಸದ ಒತ್ತಡಕ್ಕೇ ಈ ಕಾಯಿಲೆಯವರ ಮಿದುಳಿನ ನೋವಿನ ಭಾಗಗಳು ಎಚ್ಚೆತ್ತವು. ಮನೆಯವರಿಗೆ ಇದನ್ನು ಓದಿಹೇಳಿ. ಸದ್ದು, ಬೆಳಕು ಚುಚ್ಚುವುದೂ ಇದರ ಜೊತೆಗೇ ಬರುತ್ತದೆ.

ಸಾಧಾರಣ ನೋವಿನ ಮಾತ್ರೆ ನುಂಗುತ್ತ ಹೋಗಬೇಡಿ, ಇದಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ. ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಎಂಬ ಔಷಧಿಗಳು ಕೆಲವರಿಗೆ ಹಿಡಿಸುತ್ತವೆ. ನಿಮ್ಮ ವೈದ್ಯರನ್ನು ಕೇಳಿ. ಡುಲೊಕ್ಸೆಟಿನ್ ಖಿನ್ನತೆಗೂ ಕೊಡುವ ಔಷಧಿ ಎಂದು ತಿಳಿದಾಗ ಹಲವರು ನೊಂದುಕೊಳ್ಳುತ್ತಾರೆ. ನೋವನ್ನು ತಗ್ಗಿಸುವ ನರಮಾರ್ಗಗಳ ಮೇಲೂ ಅದು ಕೆಲಸ ಮಾಡುತ್ತದೆ, ಅದಕ್ಕೇ ಕೊಡುವುದು.

ಎಲ್ಲಕ್ಕಿಂತ ಹೆಚ್ಚು ಆಧಾರವಿರುವುದು ಮೈ ಆಡಿಸುವುದಕ್ಕೆ. ಐದು ನಿಮಿಷದ ನಡಿಗೆಯಿಂದ ಶುರುಮಾಡಿ. ಅರ್ಧ ಗಂಟೆ ಈಗಲೇ ಬೇಡ. ಮೈ ಹಗುರವಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ ಆಮೇಲೆ ಮೂರು ದಿನ ಮಲಗುತ್ತೀರಾ? ನನ್ನ ಬಳಿ ಬರುವ ಎಷ್ಟೋ ಜನರ ಕತೆ ಇದೇ. ಒಳ್ಳೆಯ ದಿನವೂ, ಇನ್ನೂ ಆಗುತ್ತದೆ ಅನ್ನಿಸುವಾಗಲೇ ಕೂತುಬಿಡಿ. ಇದು ತುಂಬ ಕಷ್ಟ, ನನಗೆ ಗೊತ್ತು.

ಇನ್ನು ಮಗಳು. ಇವತ್ತೇ ಹೇಳಿ: 'ಅಮ್ಮನ ಮೈಗೆ ಮುಟ್ಟಿದ್ದೂ ಪೆಟ್ಟಿನ ಹಾಗೆ ಅನಿಸುತ್ತೆ ಪುಟ್ಟಿ, ನಿನ್ನ ತಪ್ಪಲ್ಲ.' ಎಂಟು ವರ್ಷದ ಮಗುವಿಗೆ ಅರ್ಥವಾಗುತ್ತದೆ. ನನ್ನಲ್ಲಿ ಬರುವ ಒಬ್ಬ ತಾಯಿಗೆ ಮೆಲ್ಲಗೆ ಸವರಿದರೆ ಉರಿ, ಅಂಗೈಯನ್ನು ಅಲುಗಾಡಿಸದೆ ಇಟ್ಟರೆ ಹಿತ. ಈಗ ಅವರ ಮಗ ಓಡಿಬಂದು ಎರಡು ಹೆಜ್ಜೆ ದೂರ ನಿಂತು ಕೈ ಚಾಚುತ್ತಾನೆ. ಆ ದಿನ ಎಲ್ಲಿ ಸಹ್ಯವೋ ಅಲ್ಲಿಗೆ ಅಮ್ಮನೇ ಆ ಕೈಯನ್ನು ಎಳೆದು ಇಟ್ಟುಕೊಳ್ಳುತ್ತಾರೆ.