ಸಾಗರದಿಂದ ಅಮ್ಮನ ಜೊತೆ ಬೆಂಗಳೂರಿಗೆ ಮೂರು ದಿನ: ಬಸ್ಸು, ಮೆಟ್ರೋ ಮಾತ್ರ ನಂಬಿಕೊಂಡರೆ ರೂಮ್ ಎಲ್ಲಿ ಹಿಡಿಯಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಸಾಗರದಿಂದ ನೀವಿಬ್ಬರು ಬರುತ್ತೀರಿ. ಒಂದು ದಿನ ಅಮ್ಮನನ್ನು ಜಯದೇವ ಆಸ್ಪತ್ರೆಗೆ ತೋರಿಸಬೇಕು, ಮಾರನೇ ದಿನ ನಿಮಗೆ ವೈಟ್‌ಫೀಲ್ಡ್ ಐಟಿಪಿಎಲ್ (ಐಟಿ ಕಂಪನಿಗಳಿರುವ ಟೆಕ್ ಪಾರ್ಕ್) ಹತ್ತಿರ ಇಂಟರ್ವ್ಯೂ. ರೂಮಿಗೆ ದಿನಕ್ಕೆ 1500 ದಾಟಬಾರದು, ಟ್ಯಾಕ್ಸಿ ಬೇಡ. ಮೆಜೆಸ್ಟಿಕ್‌ನಲ್ಲಿ ಹಿಡಿಯೋದಾ, ವೈಟ್‌ಫೀಲ್ಡ್‌ನಲ್ಲಿ ಹಿಡಿಯೋದಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಜಯನಗರ ಅಥವಾ ಆರ್.ವಿ. ರೋಡ್ ಮೆಟ್ರೋ ಸ್ಟೇಷನ್ ಸುತ್ತಮುತ್ತ ನೋಡಿ.

ನಾನು ಚಿಕ್ಕಮಗಳೂರು ಕಡೆಯವನು. ಕೆಲಸದ ಮೇಲೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಬರುತ್ತೇನೆ, ಗಾಡಿ ತರುವುದಿಲ್ಲ. ಮೊದಮೊದಲು ನಾನೂ ಬಾಡಿಗೆ ನೋಡಿ ರೂಮ್ ಹಿಡಿಯುತ್ತಿದ್ದೆ. ಈಗ ಮೊದಲು ಮೆಟ್ರೋ ನಕ್ಷೆ ತೆಗೆದು ಸ್ಟೇಷನ್ ಗೊತ್ತುಮಾಡಿಕೊಳ್ಳುತ್ತೇನೆ. ಆ ಸ್ಟೇಷನ್ ಸುತ್ತ ಏನು ಸಿಗುತ್ತದೋ ಅದರಲ್ಲೇ ಆರಿಸುತ್ತೇನೆ.

ನಿಮ್ಮ ಲೆಕ್ಕಕ್ಕೆ ಬರೋಣ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತಲ್ಲ, ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹೋಗುವುದು, ಅದರಲ್ಲಿ ಆರ್.ವಿ. ರೋಡ್ ಬಿಟ್ಟರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ ಆಸ್ಪತ್ರೆ ಸ್ಟೇಷನ್. ಅಂದರೆ ಎರಡೇ ಸ್ಟಾಪ್. ಅಮ್ಮನನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಈ ಎರಡು ಸ್ಟಾಪ್‌ನ ಬೆಲೆ ಗೊತ್ತಾಗುತ್ತದೆ. ಅವರಿಗೆ ಮೆಟ್ರೋ ಹತ್ತಿ ಇಳಿಯುವುದೇ ಕಷ್ಟ ಅನ್ನಿಸಿದರೆ ಆಟೋಗೂ ಹೆಚ್ಚು ದೂರ ಇಲ್ಲ. ವೈಟ್‌ಫೀಲ್ಡ್‌ನಲ್ಲಿ ರೂಮ್ ಹಿಡಿದರೆ ಇದೇ ಆಸ್ಪತ್ರೆಗೆ ಅವರು ಊರಿಡೀ ದಾಟಿ ಬರಬೇಕು.

ಇಂಟರ್ವ್ಯೂಗೆ ನೀವು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿ. ಐಟಿಪಿಎಲ್‌ಗೆ ಇಳಿಯಬೇಕಾದ್ದು ಪಟ್ಟಂದೂರು ಅಗ್ರಹಾರ ಸ್ಟೇಷನ್‌ನಲ್ಲಿ. ಹೆಸರು ನೋಡಿ ‘ವೈಟ್‌ಫೀಲ್ಡ್’ ಅನ್ನೋ ಕೊನೆಯ ಸ್ಟೇಷನ್‌ವರೆಗೆ ಹೋಗಿಬಿಡಬೇಡಿ, ಅದು ಕಾಡುಗೋಡಿ. ಬಾಗಿಲಿಂದ ಬಾಗಿಲಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಜಾಸ್ತಿ ಅನ್ನಿಸಬಹುದು. ಆದರೆ ಅದು ಒಂದೇ ದಿನ, ಅದೂ ನೀವೊಬ್ಬರೇ.

ಈಗ ‘ಹತ್ತಿರ’ ಅನ್ನೋ ಮಾತಿನ ಬಗ್ಗೆ. ಒಮ್ಮೆ ಅಪ್ಪನ ಜೊತೆ ಬಂದಾಗ ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಒಂದು ರೂಮ್ ಬುಕ್ ಮಾಡಿದ್ದೆ. ‘ಮೆಟ್ರೋದಿಂದ 600 ಮೀಟರ್’ ಅಂತ ಹಾಕಿದ್ದರು. ಸುಳ್ಳಲ್ಲ, ಹಕ್ಕಿ ಹಾರಿದರೆ 600 ಮೀಟರೇ. ನಮಗೆ ಮಧ್ಯದಲ್ಲಿ ರೈಲ್ವೆ ಹಳಿ ಅಡ್ಡ ಇತ್ತು. ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಹೋಗುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಆಗಿತ್ತು. ಫುಟ್‌ಪಾತ್ ತುಂಬ ಜಲ್ಲಿ, ಎರಡು ಬ್ಯಾಗು, ಜೊತೆಗೆ ಅಪ್ಪನ ಮೌನ. ಆಮೇಲಿಂದ ನಾನು ಗೂಗಲ್ ಮ್ಯಾಪ್‌ನಲ್ಲಿ ಸ್ಟೇಷನ್ ಗೇಟಿನಿಂದ ಲಾಡ್ಜ್ ಬಾಗಿಲವರೆಗೆ ನಡೆಯುವ ದಾರಿ ಹಾಕಿ ನೋಡದೆ ಬುಕ್ ಮಾಡುವುದಿಲ್ಲ. ಹತ್ತು ನಿಮಿಷ ದಾಟಿದರೆ ಬಿಟ್ಟುಬಿಡುತ್ತೇನೆ. ದೊಡ್ಡ ರಸ್ತೆ ದಾಟಬೇಕಾದರೆ ಸ್ಟೇಷನ್ನಿನ ಯಾವ ಗೇಟಿನಿಂದ ಹೊರಬರಬೇಕು ಅಂತಲೂ ನೋಡಿಕೊಳ್ಳಿ.

ಅಗ್ಗದ ರೂಮಿಗೆ ಆಟೋ ಖರ್ಚು ಸೇರಿಸಿ ನೋಡಿ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ ಎರಡು ಕಿ.ಮೀ.ಗೆ 36, ಆಮೇಲೆ ಪ್ರತಿ ಕಿ.ಮೀ.ಗೆ 18. ಸ್ಟೇಷನ್‌ನಿಂದ ಮೂರು ಕಿ.ಮೀ. ದೂರದ ರೂಮಾದರೆ ಮೀಟರ್ ಪ್ರಕಾರ 54. ಬ್ಯಾಗ್ ಹಿಡಿದು ನಿಂತವರಿಗೆ ಮೀಟರ್ ಹಾಕುವವರು ಎಷ್ಟು ಜನ ಸಿಗುತ್ತಾರೆ ಹೇಳಿ! ನೂರು ಅಂತಲೇ ಇಟ್ಟುಕೊಳ್ಳಿ. ಹೋಗಿ ಬರೋಕೆ ಇನ್ನೂರು. 1100ರ ರೂಮು ಅಲ್ಲಿಗೆ 1300 ಆಯಿತು. ರಾತ್ರಿ ಹತ್ತರ ಮೇಲೆ ಮೀಟರ್ ದರವೇ ಒಂದೂವರೆ ಪಟ್ಟು.

ಮೆಜೆಸ್ಟಿಕ್ ಬೇಡ ಅಂದೆ, ಆದರೆ ಅದನ್ನು ಪೂರ್ತಿ ತಳ್ಳಿಹಾಕಲಾರೆ. ಜಯನಗರದ ಕಡೆ 1500ರ ಒಳಗೆ ಹುಡುಕಬೇಕಾಗುತ್ತದೆ. ಗಾಂಧಿನಗರ, ಸುಬೇದಾರ್ ಛತ್ರಂ ರೋಡ್, ಕಾಟನ್‌ಪೇಟೆಯಲ್ಲಿ ಲಾಡ್ಜ್‌ಗಳು ಸಾಲುಸಾಲಾಗಿವೆ, ಬಾಡಿಗೆಯೂ ಕಡಿಮೆ. ಬಸ್ಸು, ರೈಲು, ಎರಡು ಮೆಟ್ರೋ ಮಾರ್ಗ ಎಲ್ಲ ಅಲ್ಲೇ. ಒಬ್ಬನೇ ಬಂದರೆ ನಾನೂ ಅಲ್ಲೇ ಉಳಿಯುತ್ತೇನೆ. ವಯಸ್ಸಾದವರ ಜೊತೆ ಬಂದಾಗ ಮಾತ್ರ ಆ ಗದ್ದಲ ಬೇಡ ಅನ್ನಿಸುತ್ತದೆ. ರಸ್ತೆ ದಾಟುವುದೇ ಒಂದು ಸಾಹಸ. ಜಯನಗರದಲ್ಲಿ ಸಿಗದಿದ್ದರೆ ಅಲ್ಲಿಗೇ ಬನ್ನಿ. ಆದರೆ ಬಸ್‌ಸ್ಟ್ಯಾಂಡ್ ಬಾಗಿಲಲ್ಲಿ ‘ರೂಮ್ ಬೇಕಾ ಸಾರ್’ ಅಂತ ಬರುವವರ ಹಿಂದೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಆನ್‌ಲೈನ್‌ನಲ್ಲಿ ‘ಹೋಟೆಲ್’ ಅಂತ ಇರುವುದು ರಸ್ತೆಯಲ್ಲಿ ಲಾಡ್ಜ್ ಆಗಿರುತ್ತದೆ. ಅಲ್ಲಿನವರನ್ನು ಹೋಟೆಲ್ ಎಲ್ಲಿ ಅಂತ ಕೇಳಿದರೆ ಇಡ್ಲಿ ವಡೆ ಸಿಗೋ ಜಾಗ ತೋರಿಸುತ್ತಾರೆ!

ಬುಕ್ ಮಾಡುವ ಮೊದಲು ಒಮ್ಮೆ ಫೋನ್ ಮಾಡಿ. ಮುಖ್ಯವಾಗಿ ಚೆಕ್‌ಔಟ್ ಕೇಳಿ. ರಾತ್ರಿ ಬಸ್ಸಿಗೋ ರೈಲಿಗೋ ಹೊರಟರೆ ನೀವು ಬೆಳಗಿನ ಜಾವ ಇಳಿಯುತ್ತೀರಿ. ಚೆಕ್‌ಇನ್ ಮಧ್ಯಾಹ್ನ 12ಕ್ಕೆ ಅಂದರೆ ಆರು ಗಂಟೆ ರಿಸೆಪ್ಷನ್ ಸೋಫಾದ ಮೇಲೆ ಕೂರಬೇಕು, ಇಲ್ಲಾ ಒಂದು ದಿನದ ಬಾಡಿಗೆ ಜಾಸ್ತಿ ಕೊಡಬೇಕು. ‘24 ಗಂಟೆ ಚೆಕ್‌ಔಟ್’ ಇರುವ ಲಾಡ್ಜ್, ಅಂದರೆ ನೀವು ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವುದು, ನೂರಿನ್ನೂರು ಹೆಚ್ಚಾದರೂ ನಿಮಗೆ ಅದೇ ಲಾಭ. ಆಮೇಲೆ ಲಿಫ್ಟ್ ಇದೆಯಾ, ಇಲ್ಲದಿದ್ದರೆ ಕೆಳಗಿನ ಮಹಡಿ ಕೊಡುತ್ತೀರಾ, ವೆಸ್ಟರ್ನ್ ಟಾಯ್ಲೆಟ್ ಇದೆಯಾ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಕೇಳಿ. ಕೆಲವು ಕಡೆ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ. ಟ್ಯಾಕ್ಸ್ ಸೇರಿ ಎಷ್ಟು ಅಂತ ಕೇಳಿಯೇ ಒಪ್ಪಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ರೂಮುಗಳಿಗೆ ಜಿಎಸ್‌ಟಿ ಶೇ. 5. ಯಾರಾದರೂ ಇನ್ನೂ 12 ಅಂದರೆ ಬಿಲ್ ಕೇಳಿ.

ಬರುವ ದಾರಿಯಲ್ಲೂ ಸ್ವಲ್ಪ ಉಳಿಸಬಹುದು. ನಿಮ್ಮ ಕಡೆಯ ರೈಲು ತುಮಕೂರು ದಾಟಿ ಬರುವಾಗ ಮೆಜೆಸ್ಟಿಕ್‌ಗಿಂತ ಮೊದಲು ಯಶವಂತಪುರ ಸಿಗುತ್ತದೆ. ಅಲ್ಲಿ ನಿಲ್ಲುವ ರೈಲಾದರೆ ಅಲ್ಲೇ ಇಳಿಯಿರಿ. ಪಕ್ಕದಲ್ಲೇ ಹಸಿರು ಮಾರ್ಗದ ಸ್ಟೇಷನ್, ಬದಲಾಯಿಸದೆ ನೇರ ಜಯನಗರ. ಬಸ್ಸಾದರೂ ತುಮಕೂರು ರಸ್ತೆಯಲ್ಲಿ ಮೆಟ್ರೋ ಕೆಳಗೇ ಬರುತ್ತದೆ. ಜಾಲಹಳ್ಳಿ ಕ್ರಾಸ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದರೆ ಮೆಜೆಸ್ಟಿಕ್ ಸುತ್ತು ತಪ್ಪುತ್ತದೆ. ಬೆಳಿಗ್ಗೆ ಐದರ ಸುಮಾರಿಗೆ ಮೆಟ್ರೋ ಶುರು. ಭಾನುವಾರ ಮಾತ್ರ ಏಳು ಗಂಟೆ, ಹಾಗಾಗಿ ಶನಿವಾರ ರಾತ್ರಿ ಹೊರಟು ಭಾನುವಾರ ನಾಲ್ಕೂವರೆಗೆ ಬಂದಿಳಿಯುವ ಪ್ಲಾನ್ ಬೇಡ.

ಟಿಕೆಟ್ ಖರ್ಚಿಗೆ ಹೆದರಬೇಡಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಮೆಟ್ರೋ ಟಿಕೆಟ್ ಕನಿಷ್ಠ 10, ಗರಿಷ್ಠ 90 ಆಯಿತು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅಮ್ಮನಿಗೆ ಟಿಕೆಟ್ ಉಚಿತ. ಕರ್ನಾಟಕದ ವಿಳಾಸ ಇರುವ ಆಧಾರ್ ಕೈಯಲ್ಲಿರಲಿ. ಎಸಿ ಬಸ್ಸಿಗೆ, ಮೆಟ್ರೋಗೆ ಈ ಯೋಜನೆ ನಡೆಯುವುದಿಲ್ಲ. ಆಧಾರ್ ಜೆರಾಕ್ಸ್ ಇಬ್ಬರದೂ ನಾಲ್ಕೈದು ತನ್ನಿ, ಲಾಡ್ಜ್‌ನಲ್ಲೂ ಕೇಳುತ್ತಾರೆ, ಆಸ್ಪತ್ರೆಯಲ್ಲೂ ಬೇಕಾಗಬಹುದು.

ಇನ್ನೊಂದು ವಿಷಯ ನೀವು ಬರೆದಿರಲಿಲ್ಲ. ಇಂಟರ್ವ್ಯೂ ದಿನ ನೀವು ಏಳು ಗಂಟೆಗೆ ಹೊರಟರೆ ಸಂಜೆವರೆಗೆ ಅಮ್ಮ ರೂಮಲ್ಲಿ ಒಬ್ಬರೇ ಅಲ್ವಾ? ಅದಕ್ಕೇ ಲಾಡ್ಜ್ ಕೆಳಗೋ ಪಕ್ಕದಲ್ಲೋ ಒಂದು ದರ್ಶಿನಿ, ಒಂದು ಮೆಡಿಕಲ್ ಶಾಪ್ ಇದೆಯಾ ಅಂತ ಮ್ಯಾಪ್‌ನಲ್ಲಿ ನೋಡಿಕೊಳ್ಳಿ. ರಿಸೆಪ್ಷನ್‌ನವರ ನಂಬರ್ ಅಮ್ಮನ ಫೋನಲ್ಲಿ, ಅಮ್ಮನ ನಂಬರ್ ರಿಸೆಪ್ಷನ್‌ನವರ ಹತ್ತಿರ ಇರಲಿ. ಆಸ್ಪತ್ರೆ ಕೆಲಸ ಮೊದಲ ದಿನವೇ ಇಟ್ಟುಕೊಳ್ಳಿ. ಇನ್ನೊಂದು ಟೆಸ್ಟಿಗೆ ಮತ್ತೆ ಬನ್ನಿ ಅಂದರೆ ಮೂರನೇ ದಿನ ಕೈಯಲ್ಲಿರುತ್ತದೆ.